ಎಂಜಿನಿನ ಹೊಗೆಕೊಳವೆಗೆ ಸೆರಾಮಿಕ್ ಲೇಪ: ವೆಚ್ಚಕ್ಕೆ ತಕ್ಕ ಫಲವುಂಟೆ?

ಸೌದೆಯ ಒಲೆಯಲ್ಲಿ ಅಡಿಗೆ ಮಾಡುವ ಮನೆಗಳಲ್ಲಿ ಒಂದು ಪದ್ಧತಿಯುಂಟು. ಪಾತ್ರೆಯನ್ನು ಒಲೆಯ ಮೇಲಿಡುವ ಮುನ್ನ ಅದರ ಹೊರಮೈಗೆ ಕಲಸಿದ ಬೂದಿಯನ್ನೋ ಮಣ್ಣನ್ನೋ ತೆಳುವಾಗಿ ಬಳಿಯುತ್ತಾರೆ. ಈ ಲೇಪವಿದ್ದರೂ ಅನ್ನ ಬೇಯಲು ಹೆಚ್ಚು ಹೊತ್ತೇನೂ ಹಿಡಿಯುವುದಿಲ್ಲ. ಆದರೆ ಮಸಿಯು ಲೋಹಕ್ಕೆ ಅಂಟುವುದಿಲ್ಲ. ಪಾತ್ರೆಯನ್ನು ತೊಳೆಯುವುದು ಸುಲಭವಾಗುತ್ತದೆ. ಎಂದರೆ, ಈ ಲೇಪವು ಶಾಖವನ್ನು ತಡೆಯಲು ಬಳಿದುದಲ್ಲ; ಲೋಹವನ್ನು ಕಾಪಾಡಲು ಬಳಿದುದು. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡು, ಇಂದು ಮೋಟಾರುಪ್ರಿಯರಾದ ತರುಣರಲ್ಲಿ ಚರ್ಚೆಗೆ ಬರುವ ಒಂದು ಪ್ರಶ್ನೆಯನ್ನು ನಾವು ಪರಿಶೀಲಿಸೋಣ.

ಎಂಜಿನಿನ ಒಂದೊಂದು ಸಿಲಿಂಡರಿನಿಂದಲೂ ಹೊರಬೀಳುವ ಉರಿಬಿಸಿ ಹೊಗೆಯನ್ನು ಒಂದೊಂದು ಪೈಪಿನಲ್ಲಿ ಸಾಗಿಸಿ ಕೊನೆಗೆ ಒಂದೇ ಕೊಳವೆಗೆ ಕೂಡಿಸುವ ಪೈಪುಗಳ ಜೋಡಣೆಗೆ ‘ಹೆಡರ್’ ಎಂದು ಹೆಸರು. ಹಲವು ಕಾರುಗಳಲ್ಲಿ ಈ ಕೆಲಸವನ್ನು ಎರಕದ ಕಬ್ಬಿಣದ ದಪ್ಪ ಮ್ಯಾನಿಫೋಲ್ಡ್ ಮಾಡುತ್ತದೆ; ವೇಗಪ್ರಿಯರು ಅದನ್ನು ತೆಗೆದು ತೆಳು ಉಕ್ಕಿನ ಹೆಡರನ್ನು ಕೂಡಿಸುತ್ತಾರೆ. ಅದರ ಮೈಗೆ ಸೆರಾಮಿಕ್ ಲೇಪ ಮಾಡಿಸಿದರೆ ಶಾಖ ಒಳಗೇ ಉಳಿಯುತ್ತದೆ, ಎಂಜಿನಿನ ಬಲ ಹೆಚ್ಚುತ್ತದೆ, ಪೈಪು ಬಹುಕಾಲ ಬಾಳುತ್ತದೆ ಎಂದು ಮಾರುವವರು ಹೇಳುತ್ತಾರೆ. ಈ ಮೂರು ಮಾತುಗಳಲ್ಲಿ ಯಾವುದು ಎಷ್ಟು ನಿಜ?

ಮೊದಲು ಶಾಖದ ಲೆಕ್ಕ. ಪೆಟ್ರೋಲು ಉರಿದು ಬರುವ ಶಕ್ತಿಯಲ್ಲಿ ಸುಮಾರು ಮೂರನೆಯ ಒಂದು ಪಾಲು ಹೊಗೆಯೊಡನೆ ಹೊರಗೆ ಹೋಗುತ್ತದೆ. ಎಂಜಿನು ಭರದಿಂದ ದುಡಿಯುತ್ತಿರುವಾಗ ಹೊಗೆಯ ಉಷ್ಣತೆ 800 ಡಿಗ್ರಿ ಸೆಂಟಿಗ್ರೇಡ್ ಎಂದಿಟ್ಟುಕೊಳ್ಳೋಣ. ಒಂದು ಡಿಗ್ರಿ ವ್ಯತ್ಯಾಸಕ್ಕೆ, ಒಂದು ಚದರ ಮೀಟರಿಗೆ, ಹೊಗೆಯಿಂದ ಪೈಪಿಗೆ 150 ವಾಟ್‌ನಂತೆಯೂ ಪೈಪಿನಿಂದ ಹೊರಗಿನ 60 ಡಿಗ್ರಿಯ ಗಾಳಿಗೆ 20 ವಾಟ್‌ನಂತೆಯೂ ಶಾಖ ಸಾಗಲಿ. ಇದರ ಜೊತೆಗೆ ಪೈಪು ವಿಕಿರಣದಿಂದಲೂ ಶಾಖವನ್ನು ಕಳೆದುಕೊಳ್ಳುತ್ತದೆ. ಈ ವಿಕಿರಣವು ನಿರಪೇಕ್ಷ ಉಷ್ಣತೆಯ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುತ್ತದೆಂದು 1879ರಲ್ಲಿ ಜೋಸೆಫ್ ಸ್ಟೆಫಾನನು ಪ್ರಯೋಗಗಳ ಆಧಾರದಿಂದ ಕಂಡುಕೊಂಡನು. 1884ರಲ್ಲಿ ಬೋಲ್ಟ್ಸ್‌ಮನ್ನನು ಅದನ್ನು ತತ್ತ್ವದಿಂದ ಸಾಧಿಸಿದನು. ತುಕ್ಕು ಹಿಡಿದ ಉಕ್ಕಿನ ಮೈ ಪೂರ್ಣ ಕಪ್ಪು ವಸ್ತು ಸೂಸುವ ವಿಕಿರಣದ ಶೇಕಡಾ 80ರಷ್ಟನ್ನು ಸೂಸುತ್ತದೆ. ಒಳಬರುವ ಶಾಖವನ್ನೂ ಹೊರಹೋಗುವ ಶಾಖವನ್ನೂ ಸರಿದೂಗಿಸಿದರೆ, ಬರಿಯ ಪೈಪು ಸುಮಾರು 575 ಡಿಗ್ರಿಗೆ ಬಂದು ನಿಲ್ಲುತ್ತದೆ. ಅದರ ಒಂದೊಂದು ಚದರ ಮೀಟರಿನಿಂದಲೂ ಸುಮಾರು 33 ಕಿಲೋವಾಟ್ ಶಾಖ ಹೊರಬೀಳುತ್ತಿರುತ್ತದೆ.

ಈಗ ಲೇಪವನ್ನು ಬಳಿಯೋಣ. ಲೇಪದ ಎರಡು ಬದಿಗಳ ಉಷ್ಣತೆಗಳಲ್ಲಿ ಎಷ್ಟು ವ್ಯತ್ಯಾಸವಾಗುತ್ತದೆ? ಶಾಖದ ಪ್ರವಾಹವನ್ನು ಲೇಪದ ದಪ್ಪದಿಂದ ಗುಣಿಸಿ ಅದರ ಉಷ್ಣವಾಹಕತೆಯಿಂದ ಭಾಗಿಸಿದರೆ ಉತ್ತರ ದೊರೆಯುತ್ತದೆ. ಜಿರ್ಕೋನಿಯದಂತಹ ಉತ್ತಮ ಸೆರಾಮಿಕ್ ಲೇಪದ ವಾಹಕತೆ, ಮೀಟರಿಗೆ, ಡಿಗ್ರಿಗೆ ಸುಮಾರು 1 ವಾಟ್. ಉಕ್ಕಿನದು ಇದರ ಹತ್ತಾರು ಪಟ್ಟು. ಸಿಂಪಡಿಸಿ ಕುಲುಮೆಯಲ್ಲಿ ಕಾಯಿಸುವ ಸಾಧಾರಣ ಲೇಪದ ದಪ್ಪ ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗವೆಂದರೆ, ವ್ಯತ್ಯಾಸವು ಎರಡು ಡಿಗ್ರಿಗೂ ಕಡಿಮೆ! ಪ್ಲಾಸ್ಮಾ ಜ್ವಾಲೆಯಿಂದ 0.3 ಮಿಲಿಮೀಟರ್ ದಪ್ಪಕ್ಕೆ ಬಳಿದರೂ ಸುಮಾರು ಹತ್ತು ಡಿಗ್ರಿ ಮಾತ್ರ. ಕಂಬಳಿಯಂತೆ ಶಾಖವನ್ನು ತಡೆಯುವ ಶಕ್ತಿ ಇಷ್ಟು ತೆಳು ಪದರಕ್ಕೆ ಇಲ್ಲ.

ಹಾಗಾದರೆ ಸೆರಾಮಿಕ್ ಲೇಪಕ್ಕೆ ಬಂದ ಕೀರ್ತಿ ಎಲ್ಲಿಯದು? 1960ರ ದಶಕದಲ್ಲಿ ಎಕ್ಸ್-15 ಎಂಬ ರಾಕೆಟ್ ವಿಮಾನದ ನಿಷ್ಕಾಸ ನಳಿಕೆಗೆ ಜಿರ್ಕೋನಿಯ ಲೇಪ ಕೊಟ್ಟಿದ್ದರು. ಬಳಿಕ ಜೆಟ್ ಎಂಜಿನುಗಳ ಟರ್ಬೈನ್ ಅಲಗುಗಳಿಗೂ ಅದು ಬಂದಿತು. ಅಲ್ಲಿ ಅಲಗಿನ ಒಳಗಡೆ ತಂಪುಗಾಳಿ ಹಾಯುತ್ತಿರುತ್ತದೆ. ಆದುದರಿಂದ ಚದರ ಮೀಟರಿಗೆ ಹತ್ತು ಲಕ್ಷ ವಾಟ್‌ಗಳ ಮಟ್ಟದ ಶಾಖಪ್ರವಾಹ ಸಾಧ್ಯವಾಗುತ್ತದೆ. ಅದೇ ಸೂತ್ರದಂತೆ ಅಲ್ಲಿ 0.2 ಮಿಲಿಮೀಟರ್ ಲೇಪವೇ ಇನ್ನೂರು ಡಿಗ್ರಿಗಳಷ್ಟು ವ್ಯತ್ಯಾಸವನ್ನುಂಟುಮಾಡಬಲ್ಲುದು. ವಸ್ತು ಒಂದೇ, ಸೂತ್ರವೂ ಒಂದೇ, ಸಂದರ್ಭ ಬೇರೆ. ಆಕಾಶದಲ್ಲಿ ಗಳಿಸಿದ ಹೆಸರನ್ನು ನೆಲದ ಮೇಲೆ ಹಾಗೆಯೇ ಮಾರುವುದು ಸರಿಯಲ್ಲ.

ಆದರೂ ಲೇಪ ಮಾಡಿಸಿದವರು ಬಾನೆಟ್ಟಿನ ಕೆಳಗಿನ ಸೆಕೆ ಕಡಿಮೆಯಾಯಿತೆನ್ನುತ್ತಾರೆ. ಇದು ಭ್ರಮೆಯೆ? ಅಲ್ಲ. ಕಾರಣವು ಲೇಪದ ದಪ್ಪದಲ್ಲಿಲ್ಲ, ಅದರ ಹೊಳಪಿನಲ್ಲಿದೆ. ಅಲ್ಯುಮಿನಿಯಂ ಪುಡಿ ಬೆರೆತ ಬೆಳ್ಳಿಬಣ್ಣದ ಲೇಪಗಳು ಕಡಿಮೆ ವಿಕಿರಣವನ್ನು ಸೂಸುತ್ತವೆ. ಶೇಕಡಾ 80ರ ಬದಲು 30 ಎಂದು ಹಿಡಿದು ಹಿಂದಿನ ಲೆಕ್ಕವನ್ನೇ ಮತ್ತೆ ಬಿಡಿಸಿದರೆ, ಶಾಖನಷ್ಟವು 33ರಿಂದ ಸುಮಾರು 23.5 ಕಿಲೋವಾಟಿಗೆ ಇಳಿಯುತ್ತದೆ. ತಲಾ 70 ಸೆಂಟಿಮೀಟರ್ ಉದ್ದ, 4 ಸೆಂಟಿಮೀಟರ್ ವ್ಯಾಸವುಳ್ಳ ನಾಲ್ಕು ಪೈಪುಗಳ ಹೊರಮೈ ಒಟ್ಟು 0.35 ಚದರ ಮೀಟರ್. ಆದುದರಿಂದ ಉಳಿತಾಯವು ಮೂರೂವರೆ ಕಿಲೋವಾಟಿನ ಸುಮಾರಿನದು. ಮೂರು ನಾಲ್ಕು ವಿದ್ಯುತ್ ಒಲೆಗಳನ್ನು ಆರಿಸಿದಷ್ಟು. ಪಕ್ಕದ ತಂತಿಗಳಿಗೂ ರಬ್ಬರ್ ಕೊಳವೆಗಳಿಗೂ ಇದು ನಿಜವಾದ ಉಪಕಾರ. ಕಪ್ಪು ಬಣ್ಣದ ಲೇಪದಿಂದ ಈ ಲಾಭವನ್ನು ನಿರೀಕ್ಷಿಸಲಾಗದು.

ಆದರೆ ಇಲ್ಲಿ ಒಂದು ಎಚ್ಚರಿಕೆ. ಹೊರಗೆ ಹೋಗದ ಶಾಖ ಎಲ್ಲಿರಬೇಕು? ಹೊಳಪಿನ ಲೇಪದೊಳಗಿನ ಉಕ್ಕು 575 ಡಿಗ್ರಿಯಲ್ಲಿ ನಿಲ್ಲದೆ 640ಕ್ಕೂ ಮೇಲೇರುತ್ತದೆ. ಸಾಧಾರಣ ಉಕ್ಕು ಈ ಉಷ್ಣತೆಯಲ್ಲಿ ಬೇಗನೆ ಉತ್ಕರ್ಷಣ ಹೊಂದಿ ಪೊರೆಪೊರೆಯಾಗಿ ಏಳುತ್ತದೆ. ಹೊರಮೈಗೆ ಮಾತ್ರ ಲೇಪ ಕೊಟ್ಟು ಒಳಮೈಯನ್ನು ಬರಿದಾಗಿ ಬಿಟ್ಟರೆ, ಕಾಪಾಡಬೇಕಾದ ಪೈಪನ್ನೇ ಒಳಗಿನಿಂದ ಸವೆಸಿದಂತಾದೀತು. ಲೇಪ ಮಾಡಿಸುವುದಾದರೆ ಒಳಗೂ ಹೊರಗೂ ಮಾಡಿಸಬೇಕೆಂಬ ಮಾತಿಗೆ ಇದೇ ಆಧಾರ.

ಇನ್ನು ಎಂಜಿನಿನ ಬಲ. ಹೊಗೆಯು 40 ಡಿಗ್ರಿ ಹೆಚ್ಚು ಬಿಸಿಯಾಗಿ ಉಳಿಯಿತೆಂದೇ ಭಾವಿಸೋಣ. ಅನಿಲದಲ್ಲಿ ಶಬ್ದದ ವೇಗವು ನಿರಪೇಕ್ಷ ಉಷ್ಣತೆಯ ವರ್ಗಮೂಲಕ್ಕೆ ಅನುಗುಣವಾದುದರಿಂದ, ಪೈಪಿನಲ್ಲಿ ಓಡುವ ಒತ್ತಡದ ಅಲೆಯ ವೇಗ ಶೇಕಡಾ 2ರಷ್ಟು ಹೆಚ್ಚುತ್ತದೆ. ಚಾಲಕನಿಗೆ ತಿಳಿಯುವಷ್ಟು ಬಲ ಇದರಿಂದ ಬಾರದು. ಎಂಜಿನು ಬಾನೆಟ್ಟಿನ ಕೆಳಗಿನ ಬಿಸಿಗಾಳಿಯನ್ನೇ ಎಳೆದುಕೊಳ್ಳುವಂತಿದ್ದರೆ ಮಾತ್ರ ವಿಷಯ ಬೇರೆ: ಆ ಗಾಳಿ 50ರಿಂದ 40 ಡಿಗ್ರಿಗೆ ಇಳಿದರೆ ಅದರ ಸಾಂದ್ರತೆ ಶೇಕಡಾ 3ರಷ್ಟು ಹೆಚ್ಚುತ್ತದೆ. ಆದರೆ ಕಾರಿನ ಮುಂಭಾಗದಿಂದ ಹೊರಗಿನ ತಂಪುಗಾಳಿಯನ್ನೇ ಸೇದುವ ವಾಹನಗಳಿಗೆ ಈ ಲಾಭವೂ ಇಲ್ಲ.

ಉಳಿದುದು ಬಾಳಿಕೆ. ಒಂದು ಕಿಲೋಗ್ರಾಂ ಪೆಟ್ರೋಲು ಉರಿದಾಗ ಸುಮಾರು 1.4 ಕಿಲೋಗ್ರಾಂ ನೀರು ಹುಟ್ಟುತ್ತದೆ. ತಣ್ಣಗಿರುವ ಪೈಪಿನಲ್ಲಿ ಅದು ಹನಿಗಟ್ಟುತ್ತದೆ. ಹೊರಗಿನಿಂದ ಮಳೆನೀರು, ಕೆಸರು. ಉಕ್ಕಿಗೂ ಇವುಗಳಿಗೂ ನಡುವೆ ನಿಂತು ತುಕ್ಕನ್ನು ತಡೆಯುವುದೇ ಲೇಪದ ಮುಖ್ಯ ಸೇವೆ. ಆದರೆ ಲೇಪ ಅಂಟಿಕೊಂಡಿದ್ದರೆ ತಾನೆ? ಉಷ್ಣತೆ 600 ಡಿಗ್ರಿ ಏರಿದಾಗ ಒಂದು ಮೀಟರ್ ಜಿರ್ಕೋನಿಯ ಸುಮಾರು 6 ಮಿಲಿಮೀಟರ್, ಸಾಧಾರಣ ಉಕ್ಕು 8, ಸ್ಟೆಯಿನ್‌ಲೆಸ್ ಉಕ್ಕು 10 ಮಿಲಿಮೀಟರ್ ಹಿಗ್ಗುತ್ತವೆ. ಈ ಎಳೆದಾಟದಲ್ಲಿ ದಪ್ಪ ಲೇಪ ಬಿರಿಯುವುದು ಸಹಜ. ಅದಕ್ಕಾಗಿಯೇ ಪ್ಲಾಸ್ಮಾ ಲೇಪದ ಅಡಿಯಲ್ಲಿ ನಿಕಲ್ ಮಿಶ್ರಲೋಹದ ಒಂದು ಪದರವನ್ನು ಮೊದಲು ಹಾಕುತ್ತಾರೆ. ಯಾವ ಲೇಪಕ್ಕೇ ಆಗಲಿ, ಪೈಪಿನ ಮೈಯನ್ನು ಗರಸು ಹೊಡೆದು ಶುದ್ಧಮಾಡದಿದ್ದರೆ ಹಣವೆಲ್ಲ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತೆ.

ಕೊನೆಯದಾಗಿ ವೆಚ್ಚದ ತೀರ್ಮಾನ. ಲೇಪವಿಲ್ಲದ ಹೆಡರು 4 ವರ್ಷ, ಲೇಪವಿದ್ದುದು 7 ವರ್ಷ ಬಾಳುವುದೆಂದು ಉದಾಹರಣೆಗೆ ಇಟ್ಟುಕೊಳ್ಳೋಣ. ಏಳನ್ನು ನಾಲ್ಕರಿಂದ ಭಾಗಿಸಿ ಒಂದನ್ನು ಕಳೆದರೆ 0.75. ಹೆಡರಿನ ಬೆಲೆಯನ್ನೂ ಕೂಡಿಸುವ ಕೂಲಿಯನ್ನೂ ಸೇರಿಸಿದ ಮೊತ್ತದ ಮುಕ್ಕಾಲು ಪಾಲಿಗಿಂತ ಲೇಪದ ಖರ್ಚು ಕಡಿಮೆಯಿದ್ದರೆ ಲಾಭ, ಹೆಚ್ಚಾದರೆ ನಷ್ಟ. ತಮ್ಮ ಊರಿನ ದರಗಳನ್ನು ಹಾಕಿ ವಾಚಕರೇ ಈ ಲೆಕ್ಕವನ್ನು ಮಾಡಿಕೊಳ್ಳಬಹುದು. ಸಾಧಾರಣ ಉಕ್ಕಿನ ಹೆಡರನ್ನು ಬಹುಕಾಲ ಇಟ್ಟುಕೊಳ್ಳುವವರಿಗೂ, ಇಕ್ಕಟ್ಟಾದ ಎಂಜಿನ್ ಕೋಣೆಯುಳ್ಳ ಪಂದ್ಯದ ಕಾರನ್ನು ಕಟ್ಟುವ ಕಾಲೇಜು ವಿದ್ಯಾರ್ಥಿಗಳಿಗೂ ಇದು ಸಾರ್ಥಕವಾಗಬಹುದು. ಸ್ಟೆಯಿನ್‌ಲೆಸ್ ಉಕ್ಕು ತುಕ್ಕನ್ನು ತಾನೇ ತಡೆಯುತ್ತದೆ. ಅದಕ್ಕೆ ಲೇಪದ ಅಗತ್ಯ ಕಡಿಮೆ. ಕಾರ್ಖಾನೆಯಿಂದ ಬಂದ ಮ್ಯಾನಿಫೋಲ್ಡಿನಲ್ಲೇ ತೃಪ್ತರಾಗಿ ದಿನವೂ ಕಚೇರಿಗೆ ಹೋಗಿಬರುವವರು ಹಣವನ್ನು ಜೇಬಿನಲ್ಲೇ ಇಟ್ಟುಕೊಳ್ಳುವುದು ಲೇಸು.

ಬಲಕ್ಕಾಗಿ ಲೇಪವನ್ನು ಕೊಂಡವನು ನಿರಾಶನಾಗುತ್ತಾನೆ. ರಕ್ಷಣೆಗಾಗಿ ಕೊಂಡವನು ಮೋಸಹೋಗುವುದಿಲ್ಲ. ಪಾತ್ರೆಗೆ ಬೂದಿ ಬಳಿದ ಗೃಹಿಣಿ ಲೇಪದಿಂದ ಏನನ್ನು ನಿರೀಕ್ಷಿಸಬೇಕೆಂಬುದನ್ನು ಚೆನ್ನಾಗಿ ಅರಿತಿದ್ದಳು.