ಹಣ್ಣಿನ ಗಿಡದ ಬುಡ ಅಗೆಯುವ ಹದ

1898ರ ಪ್ಲೇಗಿನ ತರುವಾಯ ಬೆಳೆದ ಬಸವನಗುಡಿಯಲ್ಲಿ ಹಳೆಯ ಮನೆಗಳ ಹಿತ್ತಲೇ ಹಣ್ಣಿನ ತೋಟವಾಗಿತ್ತು. ಈಗ ಅಂಥವು ಕೆಲವೇ ಉಳಿದಿವೆ. ನನ್ನ ತಂದೆಯವರು ಕೂಲಿಗೆ ನೋಡಿಕೊಳ್ಳುವ ಒಂದು ಹಿತ್ತಲಿನಲ್ಲಿ, ಹೋದ ಬೇಸಗೆ, ಸೀಬೆಗಿಡದ ಬುಡವನ್ನು ನಾನು ಮೊಳದಾಳ ಅಗೆದೆ. ಮಣ್ಣು ಸಡಿಲವಾದಷ್ಟೂ ಒಳ್ಳೆಯದೆಂದು ನನ್ನ ಎಣಿಕೆ. ಹದಿನೈದು ದಿನದಲ್ಲಿ ಎಲೆ ಬಾಡಿತು, ಹೀಚು ಉದುರಿತು. ತಂದೆಯವರು ಓದು ಬರಹ ಅರಿಯರು. ಕತ್ತರಿಸಿಹೋದ ಕೂದಲೆಳೆಯಂಥ ಬೇರುಗಳನ್ನು ಎತ್ತಿ ತೋರಿಸಿ, “ಇದು ಗಿಡದ ಬಾಯಿ ಕಣಪ್ಪಾ” ಎಂದರು.

ನೀರು, ಗೊಬ್ಬರ ಹೀರುವ ಬೇರುಗಳಲ್ಲಿ ಹೆಚ್ಚಿನವು ಮೇಲ್ಮಣ್ಣಿನಲ್ಲಿಯೇ ಇರುತ್ತವೆ. ಆದುದರಿಂದ ಮೂರು ನಾಲ್ಕು ಅಂಗುಲ ಕೆದಕಿದರೆ ಸಾಕು. ಹಾಗಾದರೆ ಅಗೆಯುವುದೇಕೆ? ನಮ್ಮದು ಲಾಲ್‌ಬಾಗಿನ ಬಂಡೆಯಂಥ, ಸುಮಾರು 300 ಕೋಟಿ ವರ್ಷದ ಶಿಲೆ ಸವೆದು ಆದ ಕೆಮ್ಮಣ್ಣು. ಜೋರು ಮಳೆ ಬಡಿದು ಒಣಗಿದರೆ ಮೇಲೆ ಹೆಪ್ಪುಗಟ್ಟುತ್ತದೆ; ಮುಂದಿನ ಮಳೆ ಇಂಗದೆ ಹರಿದುಹೋಗುತ್ತದೆ, ಬೇರಿಗೆ ಗಾಳಿಯಾಡದು. ಆ ಹೆಪ್ಪನ್ನೊಡೆದು ಕಳೆ ಕೀಳುವುದಷ್ಟೇ ಗುದ್ದಲಿಯ ಕೆಲಸ.

ಅದಕ್ಕೂ ಹದವುಂಟು. ಹಿಡಿಮಣ್ಣನ್ನು ಅದುಮಿದರೆ ಉಂಡೆಯಾಗಬೇಕು, ಬೆರಳು ತಾಗಿಸಿದರೆ ಉದುರಬೇಕು. ಕೈಗೆ ಅಂಟಿದರೆ ಇನ್ನೂ ಹಸಿ. ಆಗ ಅಗೆದರೆ ಹೆಂಟೆಗಳು ಇಟ್ಟಿಗೆಯಂತೆ ಒಣಗುತ್ತವೆ. ಉಂಡೆಯೇ ಕಟ್ಟದಿದ್ದರೆ ಮಳೆಗೆ ಕಾಯಬೇಕು. ನಾನು ಕಾಯಲಿಲ್ಲ. ಕೆದಕಿದ ಮೇಲೆ ತರಗೆಲೆ ಹೊದಿಸಿದರೆ ತೇವ ನಿಲ್ಲುತ್ತದೆ. ನಾವೋ ಅದನ್ನು ಗುಡಿಸಿ ಬೆಂಕಿಯಿಡುತ್ತೇವೆ!

ಸೀಬೆ ಈ ಮುಂಗಾರಿನಲ್ಲಿ ಚಿಗುರಿದೆ. ಹೂವು ಇನ್ನೂ ಕಾಣೆ.