ಆರಿದ್ರಾ ಮಿಡಿಯುತ್ತದೆ, ನೋಡಿದ್ದೀರಾ?

ಮಕ್ಕಳೇ, ಆರಿದ್ರಾ ಮಳೆ ನಿಮಗೆಲ್ಲ ಗೊತ್ತು. ಮಿರಗದ ಹಿಂದೆ ಬರೋ ಮಳೆ. ಆದರೆ ಆರಿದ್ರಾ ನಕ್ಷತ್ರವನ್ನು ನೋಡಿದವರೆಷ್ಟು ಮಂದಿ? ಆ ಮಳೆ ಸುರಿಯುವ ಜೂನ್ ಕೊನೆಗೆ ಸೂರ್ಯ ಅದೇ ದಿಕ್ಕಿನಲ್ಲಿರುತ್ತಾನೆ, ಹೀಗಾಗಿ ನಕ್ಷತ್ರ ಕಾಣುವುದೇ ಇಲ್ಲ. ಜನವರಿ, ಫೆಬ್ರುವರಿಯಲ್ಲಿ ರಾತ್ರಿ ಎಂಟಕ್ಕೆ ಮಾಳಿಗೆ ಹತ್ತಿರಿ. ಸಾಲಾಗಿ ಮೂರು ಚುಕ್ಕಿ ಕಾಣುತ್ತವೆ, ಅದು ಮಹಾವ್ಯಾಧನ ನಡುಪಟ್ಟಿ. ಅದರ ಉತ್ತರಕ್ಕಿರುವ ಕೆಂಪು ಚುಕ್ಕಿಯೇ ಆರಿದ್ರಾ, ಇಂಗ್ಲಿಷಿನ ಬೀಟಲ್‌ಜ್ಯೂಸ್.

2020ರ ಫೆಬ್ರುವರಿ. ಅಕ್ಕಲಕೋಟ ತಾಲೂಕಿನ ನಮ್ಮ ಶಾಲೆಯಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು, "ಸರ್, ಆರಿದ್ರಾಕ್ಕಿಂತ ರೋಹಿಣಿನೇ ಜಾಸ್ತಿ ಹೊಳೀತದ. ನೀವು ಉಲ್ಟಾ ಹೇಳೀರಿ" ಅಂದಳು. ನಾನು ಪುಸ್ತಕ ತೆಗೆದು ತೋರಿಸಿದೆ. "ಧೂಳಿರಬೇಕು, ಮತ್ತೊಮ್ಮೆ ನೋಡವ್ವ" ಅಂದೆ. ಆಕೆ ಐದು ದಿನ ನೋಡಿ ಬರೆದುಕೊಂಡು ಬಂದಳು. ಅಂದು ರಾತ್ರಿ ಸೊಲ್ಲಾಪುರದಲ್ಲಿ ನಾನೂ ಮಾಳಿಗೆ ಹತ್ತಿದೆ. ಆಕೆ ಹೇಳಿದ್ದೇ ಖರೆ. ಆರಿದ್ರಾದ ಬೆಳಕು ಅರ್ಧಕ್ಕಿಂತ ಕಡಿಮೆಯಾಗಿತ್ತು!

ಯಾಕೆ ಹೀಗೆ? ಆರಿದ್ರಾ ಒಂದು ಕೆಂಪು ಮಹಾದೈತ್ಯ. ಸೂರ್ಯನ ಜಾಗದಲ್ಲಿ ಇಟ್ಟರೆ ಮಂಗಳನ ಕಕ್ಷೆಯನ್ನೂ ನುಂಗೀತು. ಇಂಥ ನಕ್ಷತ್ರಗಳು ಉಬ್ಬುತ್ತವೆ, ಕುಗ್ಗುತ್ತವೆ. ಒಲೆ ಮೇಲಿನ ಅನ್ನದ ಪಾತ್ರೆ ನೆನಪಿಸಿಕೊಳ್ಳಿ. ಉಗಿ ಒಳಗೇ ಸಿಕ್ಕಿಬಿದ್ದರೆ ಮುಚ್ಚಳ ಏಳುತ್ತದೆ, ಉಗಿ ಹೊರಗೆ ಹೋದಮೇಲೆ ತನ್ನ ಭಾರಕ್ಕೆ ತಾನೇ ಕೂರುತ್ತದೆ. ನಕ್ಷತ್ರದ ಹೊರಭಾಗದಲ್ಲಿ ಹೈಡ್ರೋಜನ್ನಿನ ಒಂದು ಪದರ ಮುಚ್ಚಳದಂತೆ ಶಾಖವನ್ನು ತಡೆಯುತ್ತದೆ. ಒತ್ತಡ ಹೆಚ್ಚಿ ನಕ್ಷತ್ರ ಹಿಗ್ಗುತ್ತದೆ. ಹಿಗ್ಗಿದಾಗ ಶಾಖ ಸೋರಿಹೋಗಿ, ಗುರುತ್ವ ಅದನ್ನು ಮತ್ತೆ ಒಳಗೆಳೆಯುತ್ತದೆ. ಆರಿದ್ರಾದ ಒಂದು ಮಿಡಿತಕ್ಕೆ ಸುಮಾರು 400 ದಿನ ಬೇಕು. ಗಡಿಯಾರದಷ್ಟು ಕರಾರುವಾಕ್ಕಲ್ಲ, ಹಿಂದೆಮುಂದೆ ಆಗುತ್ತದೆ.

2020ರಲ್ಲಿ ಮಿಡಿತದ ಜೊತೆಗೆ ಇನ್ನೊಂದೂ ಸೇರಿತ್ತು. ನಕ್ಷತ್ರ ಉಗುಳಿದ ಅನಿಲ ತಣ್ಣಗಾಗಿ ಧೂಳಾಯಿತು, ಆ ಧೂಳು ಅದರ ಮುಖಕ್ಕೇ ಅಡ್ಡ ಬಂತು. ನಾನು ಹೇಳಿದ ಧೂಳೇನೋ ಇತ್ತು, ಆದರೆ ಅದು ಅಕ್ಕಲಕೋಟ ರಸ್ತೆಯದಲ್ಲ!

ಆರಿದ್ರಾದ ಬೆಳಕು ಬದಲಾಗುತ್ತದೆಂದು 1836ರಲ್ಲಿ ಜಾನ್ ಹರ್ಶೆಲ್ ಗುರುತಿಸಿದ್ದು ಬೇರೆ ಚುಕ್ಕಿಗಳ ಜೊತೆ ಹೋಲಿಸಿ ನೋಡಿಯೇ. ನೀವೂ ಮಾಡಬಹುದು. ಆರಿದ್ರಾದ ಪಶ್ಚಿಮಕ್ಕೆ ರೋಹಿಣಿ, ಕಾಂತಿಮಾನ 0.9. ಪೂರ್ವಕ್ಕೆ ಪ್ರೋಸಿಯಾನ್, 0.4. ಕಾಂತಿಮಾನ ಪರೀಕ್ಷೆಯ ರ‍್ಯಾಂಕ್ ಇದ್ದಂತೆ, ಅಂಕಿ ಸಣ್ಣದಾದಷ್ಟೂ ಬೆಳಕು ಹೆಚ್ಚು. ಆರಿದ್ರಾ ಇವೆರಡರ ನಟ್ಟನಡುವೆ ಹೊಳೆದರೆ 0.6 ಅಥವಾ 0.7 ಎಂದು ಬರೆಯಿರಿ. ಮೂರೂ ಚೆನ್ನಾಗಿ ಮೇಲೆ ಬಂದಾಗಲೇ ಹೋಲಿಸಿ. ದಿಗಂತದ ಹತ್ತಿರ ಯಾವ ಚುಕ್ಕಿಯಾದರೂ ಮಂಕಾಗಿಯೇ ಕಾಣುತ್ತದೆ. ಹತ್ತು ದಿನಕ್ಕೊಮ್ಮೆ ನೋಡಿದರೆ ಸಾಕು. ತಾರೀಖು, ವೇಳೆ ಬರೆಯಲು ಮರೆಯಬೇಡಿ. ಮೋಡವಿದ್ದರೆ 'ಮೋಡ' ಎಂದೇ ಬರೆಯಿರಿ, ಊಹಿಸಿ ಅಂಕಿ ಹಾಕಬೇಡಿ. ಆ ಹುಡುಗಿಯ ವಹಿಯಲ್ಲೂ ಒಂದು ದಿನದ ಎದುರು 'ಮೋಡ' ಎಂದಿತ್ತು.