ಬೆನ್ನುನೋವಿಗೆ ಹಲ್ಲಿನ ಡಾಕ್ಟರು ಯಾಕೆ?

ಪ್ರಶ್ನೆ: ನಮ್ಮತ್ತೆಯವರಿಗೆ 61 ವರ್ಷ. ಸ್ತನ ಕ್ಯಾನ್ಸರ್‌ಗೆ ಆಪರೇಷನ್ ಆಗಿ ಐದು ವರ್ಷ ಚೆನ್ನಾಗಿದ್ದರು. ಈಗ ಬೆನ್ನುನೋವು, ರಾತ್ರಿ ಹೊತ್ತು ಜಾಸ್ತಿ. ಬೆನ್ನುಮೂಳೆಗೂ ಸೊಂಟದ ಮೂಳೆಗೂ ಹರಡಿದೆ ಎಂದು ಸ್ಕ್ಯಾನ್ ನೋಡಿ ಹೇಳಿದರು. ‘ಮೂಳೆ ಕ್ಯಾನ್ಸರ್ ಅಂದ್ರೆ ಮುಗೀತು’ ಅನ್ನುತ್ತಾರೆ ನೆಂಟರು. ಎಣ್ಣೆ ಹಚ್ಚಿ ನೀವಿಸಿ ಅನ್ನುವವರೂ ಇದ್ದಾರೆ. ಡಾಕ್ಟರು ನೋಡಿದರೆ, ಮೂಳೆಯ ಇಂಜೆಕ್ಷನ್‌ಗೆ ಮೊದಲು ಹಲ್ಲು ತೋರಿಸಿಕೊಂಡು ಬನ್ನಿ ಅಂದರು. ಯಾಕೆ?
– ಓದುಗಿ, ಸುದ್ದಗುಂಟೆಪಾಳ್ಯ

ಉತ್ತರ: ಇದು ಮೂಳೆ ಕ್ಯಾನ್ಸರ್ ಅಲ್ಲ. ಸ್ತನ ಕ್ಯಾನ್ಸರಿನ ಜೀವಕೋಶಗಳೇ ರಕ್ತದಲ್ಲಿ ಸಾಗಿ ಮೂಳೆಯಲ್ಲಿ ಠಿಕಾಣಿ ಹೂಡಿವೆ. ಹಾಗಾಗಿ ಮದ್ದೂ ಸ್ತನ ಕ್ಯಾನ್ಸರಿನದೇ. ಹಾರ್ಮೋನ್ ಮಾತ್ರೆಗೆ ಬಗ್ಗುವ ಬಗೆಯದಾದರೆ, ಮೂಳೆಯಲ್ಲಷ್ಟೇ ಇರುವ ಕಾಯಿಲೆಯನ್ನು ಎಷ್ಟೋ ಮಂದಿಯಲ್ಲಿ ವರ್ಷಗಟ್ಟಲೆ ಹತೋಟಿಯಲ್ಲಿಡಬಹುದು. ಪೂರ್ತಿ ವಾಸಿಯಾಗುತ್ತದೆ ಎಂದು ಹೇಳಲಾರೆ. ಮುಗೀತು ಅನ್ನುವುದಂತೂ ಸುಳ್ಳು.

ಇನ್ನು ಹಲ್ಲಿನ ವಿಷಯ. ನಮ್ಮ ಮೂಳೆ ಸದಾ ಸವೆದು ಹೊಸದಾಗುತ್ತಿರುತ್ತದೆ. ಹಳೆಯದನ್ನು ಕೆಡವುವ ಜೀವಕೋಶಗಳಿಗೆ ಆಸ್ಟಿಯೋಕ್ಲಾಸ್ಟ್ ಎಂದು ಹೆಸರು. ಕ್ಯಾನ್ಸರ್ ಇವನ್ನೇ ಛೂ ಬಿಟ್ಟು ಮೂಳೆ ಕರಗಿಸುತ್ತದೆ. ಮೂಳೆಯ ಇಂಜೆಕ್ಷನ್ ಎಂದು ಸಾಮಾನ್ಯವಾಗಿ ಕೊಡುವ ಜೊಲೆಡ್ರೊನಿಕ್ ಆಸಿಡ್ ಅವಕ್ಕೆ ಕಡಿವಾಣ ಹಾಕುತ್ತದೆ: ಸಾಮಾನ್ಯವಾಗಿ 4 ಮಿಲಿಗ್ರಾಂ, ಕಾಲು ಗಂಟೆಯ ಡ್ರಿಪ್. ಆದರೆ ದವಡೆಯ ಮೂಳೆಯ ರಿಪೇರಿಯನ್ನೂ ಅದು ನಿಧಾನ ಮಾಡುತ್ತದೆ. ಆಮೇಲೆ ಹಲ್ಲು ಕೀಳಿಸಿದರೆ ಗಾಯ ಮಾಯದೆ ದವಡೆ ಮೂಳೆಯೇ ಸಾಯಬಹುದು. ಹುಳುಕು ಹಲ್ಲಿದ್ದರೆ ಮೊದಲೇ ತೆಗೆಸಿಬಿಡಿ. ಪ್ರತಿ ಡೋಸ್‌ಗೂ ಮುಂಚೆ ಕ್ರಿಯಾಟಿನಿನ್ ಟೆಸ್ಟ್ ತಪ್ಪಿಸಬೇಡಿ, ಮೂತ್ರಪಿಂಡಕ್ಕೆ ಭಾರವಾಗುವ ಔಷಧ ಅದು.

ನೀವಿಸುವುದು ಖಂಡಿತ ಬೇಡ. ನಾಟಿ ವೈದ್ಯರ ಪುತ್ತೂರು ಕಟ್ಟೂ ಬೇಡ. ಟೊಳ್ಳಾದ ಮೂಳೆ ಕೈ ಒತ್ತಿಗೇ ಮುರಿಯಬಹುದು. ನೋವಿಗೆ ರೇಡಿಯೇಷನ್ ಇದೆ. ಎಷ್ಟೋ ಜನರಿಗೆ 8 ಗ್ರೇಯ ಒಂದೇ ಡೋಸ್ ಸಾಕಾಗುತ್ತದೆ. ಕೊಟ್ಟ ಮೊದಲ ಒಂದೆರಡು ದಿನ ನೋವು ಏರಿದರೆ ಗಾಬರಿ ಬೀಳಬೇಡಿ, ಗುಣ ಕಾಣಲು ಎರಡು ಮೂರು ವಾರ ಬೇಕು. ಅಲ್ಲಿಯವರೆಗೆ ಮಾರ್ಫಿನ್ ಬರೆದುಕೊಟ್ಟರೆ ಧೈರ್ಯವಾಗಿ ಕೊಡಿ. ಚಟ ಹತ್ತುತ್ತದೆಂದು ಹೆದರಿ ನೋವು ತಿನ್ನಿಸುವವರೇ ನಮ್ಮಲ್ಲಿ ಹೆಚ್ಚು. ಮಾರ್ಫಿನ್‌ನಿಂದ ಮಲಬದ್ಧತೆ ಆಗುವುದು ಮಾತ್ರ ಗ್ಯಾರಂಟಿ, ಅದಕ್ಕೂ ಔಷಧ ಕೇಳಿ ಪಡೆಯಿರಿ.

ಕಾಲಿನ ಶಕ್ತಿ ಕುಂದಿದರೆ, ಕೂರುವ ಜಾಗ ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಬೆನ್ನುಹುರಿ ಅದುಮಿಕೊಳ್ಳುತ್ತಿದೆ ಎಂದು ತಿಳಿಯಿರಿ. ಸೋಮವಾರದ ಓಪಿಡಿಗೆ ಕಾಯಬೇಡಿ. ಮರಿಗೌಡ ರಸ್ತೆಯ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ನಿಮಗೆ ಕೂಗಳತೆಯಲ್ಲಿದೆ. ಅಲ್ಲಿಗಾಗಲಿ, ಚಿಕಿತ್ಸೆ ನಡೆಯುತ್ತಿರುವ ಆಸ್ಪತ್ರೆಯ ಎಮರ್ಜೆನ್ಸಿಗಾಗಲಿ ಅಂದೇ ಕರೆದುಕೊಂಡು ಹೋಗಿ.